ಯಾವ ಕೈಗೆ ಯಾವ ಡಿಸ್ಕ್?



ಡಿಸ್ಕ್ ಗಾಲ್ಫ್ ಎಂಬ ಆಟದ ಹೆಸರು ಕೇಳಿದವರು ನಮ್ಮ ತಾಳವಾಡಿ ಕಡೆ ಕಡಿಮೆ. ನಮ್ಮ ಧರ್ಮಕೇಂದ್ರದ ಯುವಜನ ಸಂಘದಲ್ಲೂ ಹೋದ ವರ್ಷದವರೆಗೆ ಯಾರಿಗೂ ಗೊತ್ತಿರಲಿಲ್ಲ. ಫಿನ್‌ಲ್ಯಾಂಡಿಗೆ ಕೆಲಸಕ್ಕೆ ಹೋಗಿರುವ ನಮ್ಮೂರಿನ ಅಣ್ಣ ಒಬ್ಬರು ಕ್ರಿಸ್ಮಸ್‌ಗೆ ಬಂದಾಗ ಒಂದು ಚೀಲದಲ್ಲಿ ನಾಲ್ಕು ಡಿಸ್ಕ್ ತಂದುಕೊಟ್ಟು ಹೋದರು. ಆ ದೇಶದಲ್ಲಿ ಈ ಆಟಕ್ಕೆ ನೂರಾರು ಕೋರ್ಸ್‌ಗಳಿವೆ. ನಮಗೆ ಇದ್ದದ್ದು ಕೊಯ್ಲಾದ ಒಂದು ರಾಗಿ ಹೊಲ, ಗೂಟಕ್ಕೆ ಕಟ್ಟಿದ ಒಂದು ಟೊಮೇಟೊ ಕ್ರೇಟು. ಅಷ್ಟರಲ್ಲೇ ಶುರು ಮಾಡಿದೆವು.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಇದು ಗಾಲ್ಫ್ ಥರದ್ದೇ ಆಟ. ಕೋಲು, ಚೆಂಡು ಇಲ್ಲ. ಕೈಯಿಂದ ಎಸೆಯುವ ಪ್ಲಾಸ್ಟಿಕ್ ತಟ್ಟೆ ಇದೆ. ದೂರದಲ್ಲಿ ಸರಪಳಿ ತೂಗುಬಿಟ್ಟ ಕಬ್ಬಿಣದ ಬುಟ್ಟಿ ಇರುತ್ತದೆ. ಎಷ್ಟು ಕಡಿಮೆ ಎಸೆತದಲ್ಲಿ ಡಿಸ್ಕನ್ನು ಆ ಬುಟ್ಟಿಗೆ ಹಾಕುತ್ತೀರೋ ಅಷ್ಟು ಒಳ್ಳೆಯದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಓಕ್ ಗ್ರೋವ್ ಪಾರ್ಕಿನಲ್ಲಿ ಮೊದಲ ಕಾಯಂ ಕೋರ್ಸ್ ಮಾಡಿದರು. ಮರುವರ್ಷ ಈ ಆಟದ ಸಂಸ್ಥೆ ಪಿಡಿಜಿಎ ಹುಟ್ಟಿತು. ಆಗ ಎಸೆಯುತ್ತಿದ್ದದ್ದು ಮಕ್ಕಳು ಆಡುವ ಫ್ರಿಸ್ಬಿಯಂಥ ದಪ್ಪ ಅಂಚಿನ ತಟ್ಟೆಗಳನ್ನೇ. 1983ರಲ್ಲಿ ಡೇವ್ ಡ್ಯುನಿಪೇಸ್ ಎಂಬವರು ಅಂಚನ್ನು ಇಳಿಜಾರಾಗಿಸಿ ಚೂಪು ಮಾಡಿದ 'ಈಗಲ್' ಎಂಬ ಡಿಸ್ಕ್ ತಂದರು. ಗಾಳಿಯನ್ನು ಸೀಳಿಕೊಂಡು ಹೋಗುವ ಇಂದಿನ ಡ್ರೈವರ್‌ಗಳೆಲ್ಲ ಅದರ ಸಂತಾನವೇ.

ಈಗ ನಮ್ಮ ಕಥೆಗೆ ಬರೋಣ. ನಮ್ಮ ನಾಲ್ಕು ಡಿಸ್ಕುಗಳು ಇವು: ಡೆಸ್ಟ್ರಾಯರ್, ಟೀಬರ್ಡ್, ಲೆಪರ್ಡ್, ಏವಿಯರ್. ಪ್ರತಿಯೊಂದಕ್ಕೂ ನಾಲ್ಕು ಅಂಕಿ ಉಂಟು. ಮೊದಲನೆಯದು ಸ್ಪೀಡ್, ಎರಡನೆಯದು ಗ್ಲೈಡ್, ಮೂರನೆಯದು ಟರ್ನ್, ನಾಲ್ಕನೆಯದು ಫೇಡ್. ಡೆಸ್ಟ್ರಾಯರ್‌ಗೆ 12, 5, -1, 3. ಟೀಬರ್ಡ್‌ಗೆ 7, 5, 0, 2. ಲೆಪರ್ಡ್‌ಗೆ 6, 5, -2, 1. ಏವಿಯರ್‌ಗೆ 2, 3, 0, 1. ಈ ಅಂಕಿ ನೋಡಿದ ಕೂಡಲೇ ನಮ್ಮ ಹುಡುಗರು ತೀರ್ಮಾನ ಮಾಡಿಬಿಟ್ಟರು. ಹನ್ನೆರಡು ಎಲ್ಲಕ್ಕಿಂತ ದೊಡ್ಡದು, ಆದ್ದರಿಂದ ಡೆಸ್ಟ್ರಾಯರೇ ಎಲ್ಲಕ್ಕಿಂತ ದೂರ ಹೋಗುವುದು. ಅದಕ್ಕೇ ಸರದಿ ಸಾಲು. ಮಿಕ್ಕ ಮೂರು ಬದುವಿನ ಮೇಲೆ ಬಿದ್ದಿರುತ್ತಿದ್ದವು.

ಡೆಸ್ಟ್ರಾಯರ್ ಎಲ್ಲರ ಕೈಯಲ್ಲೂ ಒಂದೇ ಥರ ಹಾರಲಿಲ್ಲ. ನಮ್ಮಲ್ಲಿ ವಾಲಿಬಾಲ್ ಆಡುವ, ತೋಟದ ಕೆಲಸ ಮಾಡಿ ಭುಜ ಗಟ್ಟಿಯಾದ ಅಣ್ಣ ಒಬ್ಬರಿದ್ದಾರೆ. ಅವರು ಎಸೆದರೆ ಅದು ನೆಟ್ಟಗೆ ಹೋಗಿ, ಕೊನೆಯಲ್ಲಿ ಎಡಕ್ಕೆ ವಾಲಿ ಇಳಿಯುತ್ತಿತ್ತು. ಪ್ಲಸ್ ಟು ಓದುವ ತಂಗಿ ಎಸೆದರೆ ಕೈ ಬಿಟ್ಟ ಸ್ವಲ್ಪ ಹೊತ್ತಿಗೇ ಎಡಕ್ಕೆ ತಿರುಗಿ ಪಕ್ಕದವರ ಅರಿಶಿನದ ಹೊಲದಲ್ಲಿ ಹೋಗಿ ಬೀಳುತ್ತಿತ್ತು. ಎರಡನೇ ಭಾನುವಾರ ಅವಳು, "ಬುಡಿ ಅಣ್ಣ, ಇದು ನಮ್ಮಂಥೋರಿಗೆ ಅಲ್ಲ" ಎಂದು ಹೋಗಿ ಬದುವಿನ ಮೇಲೆ ಕೂತಳು. ಅವಳ ಹಿಂದೆಯೇ ಇನ್ನೂ ಮೂವರು ಹುಡುಗಿಯರು ಹೋಗಿ ಕೂತರು.

ಇದು ನಮಗೆ ಚಿಕ್ಕ ಮಾತಲ್ಲ. ಸಂಘದಲ್ಲಿ ಕ್ರಿಕೆಟ್ ಶುರುವಾದಾಗಲೂ ಹೀಗೇ ಆಗಿತ್ತು. ಮೊದಲ ತಿಂಗಳು ಎಲ್ಲರೂ ಆಡಿದರು, ಎರಡನೇ ತಿಂಗಳು ಹುಡುಗಿಯರು ರನ್ ಬರೆಯುವವರಾದರು, ಮೂರನೇ ತಿಂಗಳು ಬರುವುದನ್ನೇ ಬಿಟ್ಟರು. ಕ್ರೀಡಾ ನಿಧಿಯಲ್ಲಿ ಇನ್ನು ನಾಲ್ಕು ಡಿಸ್ಕಿಗೆ ಸಾಕಾಗುವಷ್ಟು ಹಣ ಇತ್ತು. ನಾಲ್ಕೂ ಡಿಸ್ಟನ್ಸ್ ಡ್ರೈವರೇ ತರಿಸೋಣ ಎಂಬುದು ಹುಡುಗರ ಹಟ. ಆ ಹಣ ಎಲ್ಲರ ಮನೆಯಿಂದ ಬಂದದ್ದು. ಹಾಗಾಗಿ ತರಿಸುವ ಮೊದಲು ಮೂರು ಭಾನುವಾರ ಅಳೆದು ನೋಡೋಣ ಎಂದು ಮಾತಾಯಿತು. ನಮ್ಮಲ್ಲಿ ಬಿಎಸ್ಸಿ ಓದಿದವರು ಇದ್ದದ್ದು ಇಂಥ ಹೊತ್ತಿಗಾದರೂ ಉಪಯೋಗಕ್ಕೆ ಬರಬೇಕಲ್ಲ!

ಅಳತೆಗೆ ಮುಂಚೆ ಡಿಸ್ಕ್ ಯಾಕೆ ಹಾಗೆ ತಿರುಗುತ್ತದೆ ಎಂದು ಕೂತು ಓದಿದೆವು. ನಮಗೆ ಅರ್ಥವಾದದ್ದನ್ನು ಬುಗುರಿಯ ಲೆಕ್ಕದಲ್ಲಿ ಹೇಳುತ್ತೇವೆ.

ತಿರುಗುವ ಬುಗುರಿಯನ್ನು ಒಂದು ಕಡೆ ಒತ್ತಿದರೆ ಅದು ಒತ್ತಿದ ಕಡೆಗೇ ಬೀಳುವುದಿಲ್ಲ. ತಿರುಗುವ ದಿಕ್ಕಿನಲ್ಲಿ ಕಾಲು ಸುತ್ತು ಮುಂದೆ ಹೋಗಿ ವಾಲುತ್ತದೆ. ಡಿಸ್ಕೂ ತಿರುಗುವ ವಸ್ತುವೇ. ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ ಅದು ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಜೋರಾಗಿ ಹೋಗುವಾಗ ಗಾಳಿಯ ಎತ್ತುವ ಬಲ ಡಿಸ್ಕಿನ ನಡುವಿಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಹಿಂಭಾಗ ಎತ್ತಿದರೆ ಮೂತಿ ಕೆಳಗಾಗಬೇಕು. ಆದರೆ ಕಾಲು ಸುತ್ತಿನ ಲೆಕ್ಕದಲ್ಲಿ ಮೂತಿಯ ಬದಲು ಬಲಗಡೆ ಅಂಚು ತಗ್ಗುತ್ತದೆ, ಡಿಸ್ಕ್ ಬಲಕ್ಕೆ ಸರಿಯುತ್ತದೆ. ಇದೇ ಟರ್ನ್. ವೇಗ ಕಡಿಮೆಯಾದಾಗ ಡಿಸ್ಕ್ ಕೆಳಗಿಳಿಯಲು ತೊಡಗುತ್ತದೆ, ಗಾಳಿ ಅದಕ್ಕೆ ಹೆಚ್ಚು ಅಡಿಯಿಂದ ಬಡಿಯುತ್ತದೆ, ಎತ್ತುವ ಬಲ ನಡುವಿಗಿಂತ ಮುಂದಕ್ಕೆ ಸರಿಯುತ್ತದೆ. ಮೂತಿ ಮೇಲಾಗುವ ಬದಲು ಬಲಗಡೆ ಅಂಚು ಮೇಲೇಳುತ್ತದೆ, ಡಿಸ್ಕ್ ಎಡಕ್ಕೆ ವಾಲುತ್ತದೆ. ಇದೇ ಫೇಡ್. ಎಡಗೈಯವರಿಗೆ ಇದೆಲ್ಲ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಮುರುಗ.

ಬಲ ಇರುವವರು ಎಸೆದ ಡಿಸ್ಕ್ ಮೊದಲು ಸ್ವಲ್ಪ ಬಲಕ್ಕೆ ಹೋಗಿ, ಆಮೇಲೆ ಎಡಕ್ಕೆ ಬಂದು, ಇಂಗ್ಲಿಷಿನ ಎಸ್ ಅಕ್ಷರದ ಹಾಗೆ ಹಾರುತ್ತದೆ. ಅತಿ ಹೆಚ್ಚು ದೂರ ಸಿಗುವುದು ಹಾಗೆ ಹಾರಿದಾಗಲೇ. ಬಲ ಕಡಿಮೆ ಇರುವವರ ಕೈಯಲ್ಲಿ ಅದೇ ಡಿಸ್ಕಿಗೆ ಬಲಕ್ಕೆ ಹೋಗುವಷ್ಟು ವೇಗವೇ ಬರುವುದಿಲ್ಲ. ಕೈ ಬಿಟ್ಟಾಗಲೇ ಅದು ತನ್ನ ಹಾರಾಟದ ಕೊನೆಯ ಭಾಗದಲ್ಲಿರುತ್ತದೆ, ಅಂದರೆ ಫೇಡ್ ಆಗುತ್ತಲೇ ಹೊರಡುತ್ತದೆ.

ಇಲ್ಲಿ ಒಂದು ಲೆಕ್ಕ ನೋಡಿ. ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಳ್ಳೆಯ ವೃತ್ತಿಪರರ ಕೈಯಿಂದ ಡಿಸ್ಕ್ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೊರಡುತ್ತದೆ ಎಂದುಕೊಳ್ಳಿ, ಹೊಸಬರ ಕೈಯಿಂದ 70ರಲ್ಲಿ. ವೇಗದ ವ್ಯತ್ಯಾಸ ಒಂದೂವರೆ ಪಟ್ಟು, ಆದರೆ ಗಾಳಿಯ ಬಲದ ವ್ಯತ್ಯಾಸ ಸುಮಾರು ಎರಡೂವರೆ ಪಟ್ಟು. ಅದೇ ಡಿಸ್ಕ್, ಅದೇ ಹೊಲ, ಆದರೂ ಹಾರಾಟ ಬೇರೆಯೇ ಆಗಿಬಿಡುವುದು ಇದರಿಂದ.

ಹಾಗಾದರೆ ಸ್ಪೀಡ್ 12 ಎಂಬುದರ ಅರ್ಥ ಏನು? ಆ ಡಿಸ್ಕ್ ತಾನಾಗಿ ಜೋರಾಗಿ ಹೋಗುತ್ತದೆ ಎಂದಲ್ಲ. ತನ್ನ ಅಂಕಿಗಳಲ್ಲಿ ಹೇಳಿದಂತೆ ಹಾರಲು ಅದಕ್ಕೆ ಅಷ್ಟು ಜೋರು ಬೇಕು ಎಂದು. ಏವಿಯರ್‌ನಂಥ ಪಟರ್‌ನ ಅಂಚು ಒಂದು ಸೆಂಟಿಮೀಟರ್ ಆಸುಪಾಸು ಅಗಲ. ಡಿಸ್ಟನ್ಸ್ ಡ್ರೈವರ್‌ನ ಅಂಚು ಎರಡು ಸೆಂಟಿಮೀಟರ್ ದಾಟುತ್ತದೆ. 2.6 ಸೆಂಟಿಮೀಟರ್ ಮೀರಬಾರದು ಎಂಬುದು ಪಿಡಿಜಿಎ ನಿಯಮ. ಆ ಅಗಲವಾದ ಚೂಪು ಅಂಚು ಜೋರಿನಲ್ಲಿ ಗಾಳಿಯ ತಡೆಯನ್ನು ಕಡಿಮೆ ಮಾಡುತ್ತದೆ. ಜೋರು ಇಲ್ಲದಿದ್ದರೆ ಆ ಚಪ್ಪಟೆ ತಟ್ಟೆಗೆ ಗಾಳಿಯಲ್ಲಿ ತೇಲುವ ಶಕ್ತಿ ಸಾಲದು. ದಿಂಬಂ ಘಾಟಿಯ 27 ತಿರುವುಗಳನ್ನು ಲಾರಿ ಟಾಪ್ ಗೇರ್‌ನಲ್ಲಿ ಹತ್ತಲು ಹೊರಟರೆ ಏನಾಗುತ್ತದೆ? ಎಂಜಿನ್ ಕೆಮ್ಮಿ ನಿಲ್ಲುತ್ತದೆ. ಗೇರ್ ಕೆಟ್ಟಿಲ್ಲ, ಡ್ರೈವರೂ ಕೆಟ್ಟವನಲ್ಲ, ಆ ವೇಗಕ್ಕೆ ಆ ಗೇರ್ ಅಲ್ಲ, ಅಷ್ಟೇ.

ಇನ್ನು ಅಳತೆ. ಮೂವರನ್ನು ಆರಿಸಿಕೊಂಡೆವು: ತೋಟದ ಅಣ್ಣ, ಪ್ಲಸ್ ಟು ತಂಗಿ, ಮತ್ತೆ ನಲವತ್ತು ದಾಟಿದ ಗಾನವೃಂದದ ಅಕ್ಕ. ಅಕ್ಕ ಮೊದಲು, "ನಂಗ್ಯಾಕಪ್ಪ ಇದೆಲ್ಲ" ಎಂದರು. ಆಮೇಲೆ ಸೆರಗು ಸಿಕ್ಕಿಸಿ ನಿಂತರು. ಪ್ರತಿ ಡಿಸ್ಕನ್ನೂ ಐದೈದು ಸಲ ಎಸೆಯಬೇಕು. ತೀರ ದೂರದ್ದನ್ನೂ ತೀರ ಹತ್ತಿರದ್ದನ್ನೂ ಬಿಟ್ಟು ನಡುವಿನವನ್ನು ಲೆಕ್ಕಕ್ಕೆ ಹಿಡಿಯಬೇಕು. ಹೆಜ್ಜೆ ಎಣಿಸುವ ಕೆಲಸ ಮೂರು ವಾರವೂ ಒಬ್ಬರದೇ, ಹೆಜ್ಜೆ ಉದ್ದ ಬದಲಾಗಬಾರದಲ್ಲ.

ಅಣ್ಣನ ಡೆಸ್ಟ್ರಾಯರ್ 86 ಹೆಜ್ಜೆ ಹೋಯಿತು. ಟೀಬರ್ಡ್ 83. ಅಲ್ಲಿಗೇ ಎಲ್ಲರೂ ಮುಖ ಮುಖ ನೋಡಿಕೊಂಡರು. ಹನ್ನೆರಡಕ್ಕೂ ಏಳಕ್ಕೂ ಮೂರೇ ಹೆಜ್ಜೆ! ಅಣ್ಣ ಹೆಜ್ಜೆ ಎಣಿಸಿದವರ ಮೇಲೆ ಅನುಮಾನಪಟ್ಟು ತಾವೇ ಒಂದು ಸಲ ನಡೆದು ನೋಡಿಬಂದರು. ಮೇಲಾಗಿ ಟೀಬರ್ಡ್ ಐದು ಸಲವೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಬಿತ್ತು, ಡೆಸ್ಟ್ರಾಯರ್ ಒಂದೊಂದು ಸಲ ಒಂದೊಂದು ಕಡೆ. ಲೆಪರ್ಡ್ ಮಾತ್ರ ಅವರ ಕೈಯಲ್ಲಿ ನಿಲ್ಲಲೇ ಇಲ್ಲ. ಬಲಕ್ಕೆ ತಿರುಗಿ, ಇನ್ನೂ ಬಲಕ್ಕೆ ವಾಲಿ, ನೆಲ ಮುಟ್ಟಿ ಚಕ್ರದ ಹಾಗೆ ಉರುಳಿತು.

ತಂಗಿಯ ಡೆಸ್ಟ್ರಾಯರ್ 38 ಹೆಜ್ಜೆ. ಏವಿಯರ್ 40. ಪಕ್ಕದ ಬುಟ್ಟಿಗೆ ಹಾಕಲು ಮಾಡಿದ ಪಟರ್ ಅವಳ ಕೈಯಲ್ಲಿ ಡಿಸ್ಟನ್ಸ್ ಡ್ರೈವರ್‌ಗಿಂತ ದೂರ ಹೋಯಿತು. ಆಮೇಲೆ ಲೆಪರ್ಡ್ ಎಸೆದಳು. ಅದು ನೆಟ್ಟಗೆ ಹೊರಟು, ಒಂದಿಷ್ಟು ಬಲಕ್ಕೆ ಸರಿದು, ತೇಲಿ ತೇಲಿ, ಕೊನೆಗೆ ಎಡಕ್ಕೆ ಸ್ವಲ್ಪ ಬಾಗಿ ಇಳಿಯಿತು. 52 ಹೆಜ್ಜೆ. ಅಣ್ಣನನ್ನು ಬೀಳಿಸಿದ ಡಿಸ್ಕೇ ಅವಳಿಗೆ ಎಸ್ ಅಕ್ಷರ ಬರೆದುಕೊಟ್ಟಿತು. ಅವಳು ಏನೂ ಹೇಳಲಿಲ್ಲ. ಹೋಗಿ ಎತ್ತಿಕೊಂಡು ಬಂದು ಮತ್ತೆ ಎಸೆದಳು. ಕತ್ತಲಾಗಿ ಡಿಸ್ಕ್ ಕಾಣದಾಗುವವರೆಗೂ ಎಸೆಯುತ್ತಲೇ ಇದ್ದಳು. ಅಕ್ಕನ ಲೆಕ್ಕವೂ ಹಾಗೇ: ಡೆಸ್ಟ್ರಾಯರ್ 27, ಏವಿಯರ್ 31, ಲೆಪರ್ಡ್ 36.

ಮೂರನೇ ಭಾನುವಾರ ಗಾಳಿ ಬೀಸುತ್ತಿತ್ತು. ಅದೂ ಒಂದು ಪಾಠವಾಯಿತು. ಡಿಸ್ಕಿಗೆ ಗೊತ್ತಾಗುವುದು ನೆಲದ ಮೇಲಿನ ವೇಗ ಅಲ್ಲ, ಗಾಳಿಯೊಳಗಿನ ವೇಗ. ಎದುರುಗಾಳಿಯಲ್ಲಿ ಎಸೆದರೆ ಡಿಸ್ಕಿಗೆ ಜೋರು ಹೆಚ್ಚಾದಂತೆ, ಟರ್ನ್ ಹೆಚ್ಚುತ್ತದೆ. ಆಗ ತಂಗಿಗೂ ಟೀಬರ್ಡೇ ನೆಟ್ಟಗೆ ಹೋಯಿತು. ಬೆನ್ನ ಹಿಂದಿನಿಂದ ಗಾಳಿ ಬಂದರೆ ಜೋರು ಕಡಿಮೆಯಾದಂತೆ. ಫೇಡ್ ಬೇಗ ಬರುತ್ತದೆ, ಆದ್ದರಿಂದ ಸುಲಭವಾಗಿ ಬಲಕ್ಕೆ ತಿರುಗುವ ಡಿಸ್ಕ್ ಬೇಕು. ಬೆಟ್ಟದ ಮೇಲೂ ಇದೇ ಲೆಕ್ಕ. ಊಟಿಯಂಥ 2200 ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಐದರಲ್ಲಿ ಒಂದು ಪಾಲು ತೆಳು. ಅಲ್ಲಿ ಎಲ್ಲ ಡಿಸ್ಕೂ ಇನ್ನಷ್ಟು ಬೇಗ ಎಡಕ್ಕೆ ವಾಲುತ್ತದೆ.

ದೂರದ ದಾಖಲೆ ಎಷ್ಟು ಎಂದು ಹುಡುಗರು ಕೇಳುತ್ತಾರೆ. 2016ರಲ್ಲಿ ಅಮೆರಿಕದ ನೆವಾಡ ಮರುಭೂಮಿಯಲ್ಲಿ ಡೇವಿಡ್ ವಿಗ್ಗಿನ್ಸ್ ಜೂನಿಯರ್ ಎಸೆದ ಡಿಸ್ಕ್ 338 ಮೀಟರ್ ಹೋಯಿತು. ಅದೇ ವರ್ಷ ಅಲ್ಲೇ ಜೆನ್ನಿಫರ್ ಆಲೆನ್ 173 ಮೀಟರ್ ಎಸೆದರು. ಬೆನ್ನಿಗೆ ಬಲವಾದ ಗಾಳಿ ಇರುವ, ಅಡ್ಡ ಏನೂ ಇಲ್ಲದ ಬಯಲು ಅದು. ರಾಗಿ ತೂರುವವರು ಗಾಳಿಗೆ ಕಾದು ನಿಲ್ಲುವಂತೆ ಅವರೂ ಗಾಳಿ ಕಾದು ಎಸೆದವರು. ಭುಜ ಎಷ್ಟೇ ಗಟ್ಟಿ ಇದ್ದರೂ ದೂರ ಎಂಬುದು ಒಬ್ಬರ ಕೈಯ ಸಂಪಾದನೆ ಮಾತ್ರ ಅಲ್ಲ.

ಇನ್ನೆರಡು ವಿಷಯ ಕಲಿತೆವು. ಒಂದು, ತೂಕ. ಡಿಸ್ಕಿನ ಅಗಲದ ಪ್ರತಿ ಸೆಂಟಿಮೀಟರಿಗೆ 8.3 ಗ್ರಾಂ ಮೀರಬಾರದು ಎಂಬ ನಿಯಮ ಇದೆ. ಹಾಗಾಗಿ 21 ಸೆಂಟಿಮೀಟರ್ ಚಿಲ್ಲರೆ ಅಗಲದ ಡ್ರೈವರ್ 175 ಗ್ರಾಂ ಆಸುಪಾಸಿಗೆ ನಿಲ್ಲುತ್ತದೆ. ಆದರೆ ಅದೇ ಡಿಸ್ಕ್ 150 ಗ್ರಾಂನಲ್ಲೂ ಸಿಗುತ್ತದೆ. ಬಲ ಕಡಿಮೆ ಇದ್ದವರು ಹಗುರವಾದುದಕ್ಕೆ ಹೆಚ್ಚು ವೇಗ ಕೊಡಬಲ್ಲರು. ಎರಡು, ಹಳೆಯ ಡಿಸ್ಕ್. ಕಲ್ಲಿಗೆ ಮರಕ್ಕೆ ಬಡಿದು ಅಂಚು ಸವೆದಷ್ಟೂ ಡಿಸ್ಕ್ ಸುಲಭವಾಗಿ ಬಲಕ್ಕೆ ತಿರುಗತೊಡಗುತ್ತದೆ. ಗಟ್ಟಿ ಕೈಯವರು, "ಇದು ಸತ್ತೋಯ್ತು" ಎಂದು ಬದಿಗಿಡುವ ಡಿಸ್ಕ್ ಎಷ್ಟೋ ಸಲ ಮೆತ್ತನೆ ಕೈಯವರಿಗೆ ಹೇಳಿ ಮಾಡಿಸಿದ ಹಾಗೆ ಹಾರುತ್ತದೆ. ಆದ್ದರಿಂದ ಯಾರೂ ಹಳೆ ಡಿಸ್ಕ್ ಎಸೆಯಬೇಡಿ, ಸಂಘದ ಪೆಟ್ಟಿಗೆಗೆ ಹಾಕಿ.

ಕೊನೆಗೆ ಹಣದ ಮಾತು. ಉಪದೇಶ ತರಗತಿ ನಡೆಯುವ ಕೋಣೆಯಲ್ಲಿ ಕೂತು ಚರ್ಚೆ ಮಾಡಿದೆವು. ಚರ್ಚೆ ಎಂದರೆ ಸಣ್ಣ ಚರ್ಚೆ ಅಲ್ಲ, ಹೊರಗಿನವರು ಒಳಗೆ ಇಣುಕಿ ನೋಡುವಷ್ಟು. ಕೆಲವರು ಇನ್ನೂ ಸ್ಪೀಡ್ 13, 14ರ ಚಿತ್ರ ಮೊಬೈಲಿನಲ್ಲಿ ತೋರಿಸುತ್ತಿದ್ದರು. ಒಬ್ಬನಂತೂ, "ದುಡಿಯೋ ಕೈಗೆ ದೊಡ್ಡ ಡಿಸ್ಕ್ ಬೇಡ್ವಾ?" ಎಂದ. ಆಗ ತೋಟದ ಅಣ್ಣನೇ ಎದ್ದು ನಿಂತು ಹೇಳಿದರು: "ನಂಗೇ ಮೂರು ಹೆಜ್ಜೆ ಜಾಸ್ತಿ ಹೋದದ್ದು. ಆ ಮೂರು ಹೆಜ್ಜೆಗೆ ನಾಲ್ಕು ಜನರನ್ನ ಬದುವಿನ ಮೇಲೆ ಕೂರಿಸೋದು ಬೇಡ ಕಣ್ರೋ." ಅಲ್ಲಿಗೆ ಮಾತು ಮುಗಿಯಿತು. ಅಷ್ಟು ಗಟ್ಟಿ ಭುಜದವರೇ ಹಾಗೆ ಹೇಳಿದ ಮೇಲೆ ಯಾರು ಏನು ಹೇಳುತ್ತಾರೆ?

ತರಿಸಿದ್ದು ಇವು: ಎರಡು ಲೆಪರ್ಡ್, ಅದರಲ್ಲಿ ಒಂದು 150 ಗ್ರಾಂನದ್ದು; ಒಂದು ಏವಿಯರ್; ಒಂದು ಸೈಡ್‌ವೈಂಡರ್. ಸೈಡ್‌ವೈಂಡರ್‌ನ ಅಂಕಿ 9, 5, -3, 1. ಏಳರಿಂದ ಹನ್ನೆರಡಕ್ಕೆ ಹಾರುವ ಬದಲು ನಡುವೆ ಕಾಲಿಡಲು ಒಂದು ಮೆಟ್ಟಿಲು ಇರಲಿ ಎಂದು. ಡೆಸ್ಟ್ರಾಯರ್ ಎಲ್ಲೂ ಹೋಗಿಲ್ಲ. ಸ್ಪೀಡ್ 7ರ ಡಿಸ್ಕನ್ನು ನೆಟ್ಟಗೆ 90 ಮೀಟರ್ ಹತ್ತಿರ ಎಸೆಯಲು ಬಂದವರು ಅದನ್ನು ಕೇಳಿ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಅದು ಪೆಟ್ಟಿಗೆಯಲ್ಲಿ ತಣ್ಣಗಿರುತ್ತದೆ.

ಹೊಸದಾಗಿ ಬರುವವರಿಗೆ ನಮ್ಮ ಸಲಹೆ ಇಷ್ಟೇ. ಮೊದಲು ಪಟರ್ ಹಿಡಿದು ನೆಟ್ಟಗೆ ಎಸೆಯಲು ಕಲಿಯಿರಿ. ಮೂತಿ ಮೇಲೆತ್ತಿ ಎಸೆಯಬೇಡಿ. ಬಲ ಕಡಿಮೆ ಇದ್ದಾಗ ಮೂತಿ ಎದ್ದರೆ ಡಿಸ್ಕ್ ಗಾಳಿಗೆ ಎದೆ ಕೊಟ್ಟು ನಿಂತು ಎಡಕ್ಕೆ ಕುಸಿಯುತ್ತದೆ. ಡಿಸ್ಕ್ ಕೈ ಬಿಟ್ಟೊಡನೆ ಎಡಕ್ಕೆ ಓಡಿದರೆ ಭುಜವನ್ನು ಬೈಯಬೇಡಿ, ಒಂದು ಅಂಕಿ ಇಳಿದು ಇನ್ನೊಂದು ಡಿಸ್ಕ್ ಎತ್ತಿಕೊಳ್ಳಿ. ಬಲಕ್ಕೆ ತಿರುಗಿ ನೆಲಕ್ಕೆ ಉರುಳಿದರೆ ಸಂತೋಷಪಡಿ. ನಿಮ್ಮ ಕೈ ಆ ಡಿಸ್ಕನ್ನು ಮೀರಿ ಬೆಳೆದಿದೆ, ಅದನ್ನು ಪಕ್ಕದವರಿಗೆ ಕೊಡಿ.

ಈಗ ಭಾನುವಾರ ಸಂಜೆ ಬದುವಿನ ಮೇಲೆ ಚೀಲ, ನೀರಿನ ಬಾಟಲಿ ಬಿಟ್ಟರೆ ಬೇರೆ ಯಾರೂ ಇರುವುದಿಲ್ಲ. ಮಳೆ ಬಂದು ಹೊಲ ಉಳುವವರೆಗೆ ಆಟ ಇದ್ದೇ ಇರುತ್ತದೆ. ನಾಲ್ಕೂವರೆಗೆ ಬನ್ನಿ. ಚಪ್ಪಲಿ ಬೇಡ, ಶೂ ಹಾಕಿಕೊಂಡು ಬನ್ನಿ. ರಾಗಿ ಕೂಳೆ ಚುಚ್ಚುತ್ತದೆ. ಅರಿಶಿನದ ಹೊಲದವರು ಒಳ್ಳೆಯವರು, ಆದರೂ ಡಿಸ್ಕ್ ತರಲು ಹೋಗುವಾಗ ಸಾಲು ತುಳಿಯದೆ ಹೋಗಿ.